ಕೆಳಗೆ ಸಹಿ ಯಾರದು?

(ಹೊಸದುರ್ಗ ತಾಲ್ಲೂಕಿನ ಬಾಗೂರಿನಲ್ಲಿ ಗ್ರಂಥಾಲಯದ ಓದುಗರು ಸೇರಿದ್ದ ಸಭೆಯಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ಇಂಟರ್ನೆಟ್ ಬಂದ ಮೇಲೆ ನಮ್ಮ ಬರವಣಿಗೆ, ಯೋಚನೆ, ಸಂಘಟನೆ ಹೇಗೆ ಬದಲಾಗಿವೆ ಎಂಬುದರ ಬಗ್ಗೆ ನಾಲ್ಕು ಮಾತು ಆಡಬೇಕೆಂದು ನನ್ನನ್ನು ಕರೆದಿದ್ದೀರಿ. ನಿಜ ಹೇಳಬೇಕೆಂದರೆ, ಈ ವಿಷಯ ಮಾತನಾಡಲು ನನಗಿಂತ ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರೇ ಹೆಚ್ಚು ಯೋಗ್ಯರು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆ ಆರಂಭವಾದದ್ದು 1995ರ ಆಗಸ್ಟ್ 15ರಂದು. ನಾನು ಹುಟ್ಟಿದ್ದು ಅದಾದ ಮೇಲೆ. ಮಗನ ಇನ್‌ಲ್ಯಾಂಡ್ ಪತ್ರಕ್ಕಾಗಿ ಅಂಚೆಯವನ ದಾರಿ ಕಾಯ್ದ ಅನುಭವ ನನಗಿಲ್ಲ, ನಿಮಗಿದೆ. ಆದ್ದರಿಂದ ಪಾಠ ಹೇಳುವ ಧೈರ್ಯ ಮಾಡುವುದಿಲ್ಲ. ವರದಿಗಾರನಾಗಿ ಕಂಡದ್ದನ್ನು, ನಾನೇ ಮಾಡಿದ ಒಂದು ತಪ್ಪನ್ನೂ ಸೇರಿಸಿ, ನಿಮ್ಮ ಮುಂದಿಡುತ್ತೇನೆ.

2022ರ ಮಳೆಗಾಲ ನಿಮಗೆಲ್ಲ ನೆನಪಿರಬೇಕು. ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ, 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದ ವರ್ಷ ಅದು. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ನಾನು ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು. ಒಂದು ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಫೋನಿಗೊಂದು ವಿಡಿಯೊ ಬಂತು. ಕೆರೆ ಏರಿ ಒಡೆದು ಕೆಂಪು ನೀರು ತೋಟಕ್ಕೆ ನುಗ್ಗುತ್ತಿದೆ. ಜೊತೆಗೆ ನಮ್ಮ ಜಿಲ್ಲೆಯ ಒಂದು ಊರಿನ ಹೆಸರು. ಹತ್ತು ನಿಮಿಷದೊಳಗೆ ಅದೇ ವಿಡಿಯೊ ನಾಲ್ಕು ಗುಂಪುಗಳಿಂದ ಬಂತು. ನಾಲ್ಕು ಕಡೆಯಿಂದ ಬಂದದ್ದು ಸುಳ್ಳಾಗಲು ಹೇಗೆ ಸಾಧ್ಯ ಎಂದುಕೊಂಡು ಮೂರು ಪ್ಯಾರಾ ಸುದ್ದಿ ಬರೆದು ಡೆಸ್ಕಿಗೆ ಕೊಟ್ಟೆ.

ಹಿರಿಯ ಉಪಸಂಪಾದಕರು ಓದಿ ಕೇಳಿದರು: “ಯಾರಪ್ಪಾ ಹೇಳಿದ್ದು?”

“ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ ಸಾರ್.”

“ಸರಿ, ವಾಟ್ಸ್‌ಆ್ಯಪ್‌ಗೆ ಹೇಳಿದವರು ಯಾರು?”

ನನ್ನಲ್ಲಿ ಉತ್ತರ ಇರಲಿಲ್ಲ. ಅವರಿವರನ್ನು ಕೇಳಿ ಆ ಊರಿನ ಹಿರಿಯರೊಬ್ಬರ ನಂಬರು ಹುಡುಕಿ ಫೋನು ಮಾಡಿದೆ. ಅವರು ಟಾರ್ಚು ಹಿಡಿದು, ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು ಕೆರೆಯವರೆಗೂ ನಡೆದು ಹೋದರು. ಮುಕ್ಕಾಲು ಗಂಟೆ ಕಳೆದ ಮೇಲೆ ಅವರದೇ ಕರೆ: “ಏರಿ ಮ್ಯಾಲೇ ನಿಂತಿದೀನಿ ನೋಡಪ್ಪಾ. ಕೋಡಿ ಹರೀತೈತೆ, ಏರಿ ಗಟ್ಟಿಯಾಗೈತೆ. ಬರೆಯೋದಾದ್ರೆ ನನ್ ಹೆಸ್ರು ಹಾಕ್ಕೊಂಡು ಬರಿ.”

ಸುದ್ದಿ ಅಚ್ಚಾಗಲಿಲ್ಲ. ಆ ವಿಡಿಯೊ ಎಲ್ಲಿಯದು, ಯಾವ ವರ್ಷದ್ದು ಎಂಬುದು ನನಗೆ ಈವರೆಗೂ ಗೊತ್ತಾಗಿಲ್ಲ. ಆದರೆ ಆ ಹಿರಿಯರ ಕೊನೆಯ ಮಾತು ಮನಸ್ಸಿನಲ್ಲಿ ಉಳಿಯಿತು. ಇವತ್ತಿನ ಮಾತಿಗೆ ಅದೇ ಆಧಾರ. ಬರಹವೊಂದು ಕೈಗೆ ಬಂದಾಗ, ಅದರ ಕೆಳಗೆ ಸಹಿ ಯಾರದು ಎಂದು ನೋಡುವ ಅಭ್ಯಾಸ ನಮಗೆ ಉಳಿದಿದೆಯೇ?

ಬಂಡೆಯ ಮೇಲಿನ ಹೆಸರು

ಈ ಪ್ರಶ್ನೆ ಹೊಸದಲ್ಲ. ನಮ್ಮ ಜಿಲ್ಲೆಯಲ್ಲೇ ಅದಕ್ಕೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯ ಸಾಕ್ಷಿ ಇದೆ. ಜಿಲ್ಲೆಯ ಇನ್ನೊಂದು ತುದಿಯಲ್ಲಿರುವ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಎಂಬ ಮೂರು ತಾಣಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಅವುಗಳನ್ನು 1892ರಲ್ಲಿ ಬೆಳಕಿಗೆ ತಂದವರು ಬಿ.ಎಲ್. ರೈಸ್. ಬಹುಶಃ ಇಲ್ಲಿರುವ ವಿದ್ಯಾರ್ಥಿಗಳು ಶಾಲಾ ಪ್ರವಾಸದಲ್ಲಿ ಬ್ರಹ್ಮಗಿರಿಯನ್ನು ನೋಡಿರಬಹುದು.

ಆ ಶಾಸನದಲ್ಲಿ ಏನಿದೆ? ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಎಂಬ ಅಧಿಕಾರಿಗಳು ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಸಂದೇಶ ಕಳಿಸುತ್ತಾರೆ. ಮೊದಲು ಆರೋಗ್ಯ ವಿಚಾರಿಸುತ್ತಾರೆ. ಆಮೇಲೆ, ಇದು ದೇವರಿಗೆ ಪ್ರಿಯನಾದ ದೊರೆಯ ಮಾತು ಎಂದು ಹೇಳಿ ಸಂದೇಶವನ್ನು ಮುಂದಿಡುತ್ತಾರೆ: ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನೇ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಫಾರ್ವರ್ಡ್ ಸಂದೇಶ. ಒಂದೇ ಒಕ್ಕಣೆ ಹತ್ತಿರ ಹತ್ತಿರದ ಮೂರು ಕಡೆ ಕೆತ್ತಲ್ಪಟ್ಟಿದೆ. ಆದರೆ ಇಂದಿನ ಫಾರ್ವರ್ಡಿಗೂ ಅದಕ್ಕೂ ಒಂದು ವ್ಯತ್ಯಾಸವಿದೆ. ಮಾತು ಯಾರದು, ಯಾರ ಮೂಲಕ ಬಂತು, ಯಾರಿಗೆ ಕಳಿಸಿದ್ದು ಎಂಬ ಮೂರೂ ಸಂಗತಿ ಅದರಲ್ಲೇ ಇವೆ.

ಇನ್ನೂ ಒಂದು ವಿಶೇಷವಿದೆ. ಶಾಸನದ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ತನ್ನ ಹೆಸರನ್ನೂ ಹಾಕಿದ್ದಾನೆ. ಅವನ ಹೆಸರು ಚಪಡ. ಇಡೀ ಶಾಸನ ಬ್ರಾಹ್ಮೀ ಲಿಪಿಯಲ್ಲಿದ್ದರೆ, ಲಿಪಿಕಾರ ಎಂಬ ಅರ್ಥ ಕೊಡುವ ಕೊನೆಯ ಪದವನ್ನು ಮಾತ್ರ ಆತ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನಗಳ ಕಡೆ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಬರೆಯುವ ಲಿಪಿ. ಚಕ್ರವರ್ತಿಯ ಮಾತಿಗೆ ಚಕ್ರವರ್ತಿ ಹೊಣೆ, ಅಕ್ಷರ ತಪ್ಪಿದರೆ ನಾನು ಹೊಣೆ ಎಂದು ಆತ ಹೇಳಿದಂತೆ ನನಗೆ ತೋರುತ್ತದೆ.

ಎಲ್ಲರ ಕೈಗೂ ಲೇಖನಿ

ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವವನು ನಾನಲ್ಲ. ಆ ಕಾಲದಲ್ಲಿ ಬಂಡೆಯ ಮೇಲೆ ಬರೆಯಲು ಚಕ್ರವರ್ತಿಯೇ ಆಗಬೇಕಿತ್ತು. ತಾಳೆಗರಿಯಲ್ಲಿ ಬರೆಯಲು ವಿದ್ಯೆಯ ಅವಕಾಶ ಇದ್ದವರ ಮನೆಯಲ್ಲಿ ಹುಟ್ಟಬೇಕಿತ್ತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದರು. ಅಲ್ಲಿಂದ ಮುಂದೆ ನೂರೈವತ್ತು ವರ್ಷ, ಹತ್ತು ಜನರಿಗೆ ತಲುಪುವ ಹಾಗೆ ಬರೆಯಬೇಕೆಂದರೆ ಒಬ್ಬ ಸಂಪಾದಕರ ಒಪ್ಪಿಗೆ ಬೇಕಿತ್ತು. ನಮ್ಮ ಹಳ್ಳಿಗಳಲ್ಲಂತೂ ಬರಹವೆಂದರೆ ಅಧಿಕಾರ. ಪಹಣಿಯಲ್ಲಿ ಏನಿದೆ ಎಂದು ತಿಳಿಯಲು ಲೆಕ್ಕಿಗರ ಮನೆ ಜಗುಲಿಯಲ್ಲಿ ಎಷ್ಟು ದಿನ ಕಾದಿದ್ದೆವು ಎಂಬುದನ್ನು ನಿಮ್ಮಲ್ಲಿ ಹಲವರು ಹೇಳಬಲ್ಲಿರಿ. ‘ಭೂಮಿ’ ಯೋಜನೆಯಲ್ಲಿ 2001ರ ಹೊತ್ತಿಗೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದಾಗ ಬದಲಾದದ್ದು ಕಾಗದವೊಂದೇ ಅಲ್ಲ. ಬರೆದದ್ದನ್ನು ನೋಡುವ ಹಕ್ಕೂ ಸ್ವಲ್ಪ ಕೈ ಬದಲಾಯಿಸಿತು.

ಕನ್ನಡ ಕಂಪ್ಯೂಟರಿಗೆ ಬಂದದ್ದು ತಾನಾಗಿ ಅಲ್ಲ. ಅದರ ಹಿಂದೆ ದುಡಿದವರಿದ್ದಾರೆ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡಕ್ಕೆ ಹೊಂದುವ ಕೀಲಿಮಣೆಯೊಂದನ್ನು ರೂಪಿಸಿದರು. ‘ಕ’ ಒತ್ತಿ ‘ಇ’ ಒತ್ತಿದರೆ ‘ಕಿ’ ಆಗುತ್ತದೆ. ಒತ್ತಕ್ಷರ ಬೇಕಾದರೆ ನಡುವೆ ಅದಕ್ಕೆಂದೇ ಒಂದು ಕೀಲಿ. ನಾವು ಬಾಯಲ್ಲಿ ಕಾಗುಣಿತ ಹೇಳುವ ಕ್ರಮದಲ್ಲೇ ಬೆರಳು ಓಡುತ್ತದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಇದೇ ವಿನ್ಯಾಸವನ್ನು ಬಳಸಿತು. ಡಾ. ಯು.ಬಿ. ಪವನಜ ಅವರು 1996ರ ಡಿಸೆಂಬರಿನಲ್ಲಿ ‘ವಿಶ್ವ ಕನ್ನಡ’ ಎಂಬ ಅಂತರಜಾಲ ತಾಣ ಆರಂಭಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕಂಪ್ಯೂಟರಿನಲ್ಲಿ ಸಲೀಸಾಗಿ ಬಳಸಲಾಗದ ಭಾಷೆ ಮುಂದೆ ಉಳಿಯುವುದು ಕಷ್ಟ ಎಂದು ಪೂರ್ಣಚಂದ್ರ ತೇಜಸ್ವಿ ಅವರು ತಮ್ಮ ಕೊನೆಯ ವರ್ಷಗಳಲ್ಲಿ ಎಚ್ಚರಿಸುತ್ತಿದ್ದರು.

ಆದರೂ ಒಂದು ತೊಡಕು ಇತ್ತು. ಒಂದು ತಂತ್ರಾಂಶದಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಗೀಟುಗಳು ಕಾಣುತ್ತಿದ್ದವು. ಕಂಪ್ಯೂಟರಿಗೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಯಾವ ಅಕ್ಷರಕ್ಕೆ ಯಾವ ಅಂಕಿ ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಲೆಕ್ಕ ಕೊಟ್ಟದ್ದು ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಮನೆ ಸಿಕ್ಕಿತು. ನಮ್ಮ ‘ಕ’ದ ಸಂಖ್ಯೆ 3221. ಬಾಗೂರಿನಲ್ಲಿ ಒತ್ತಿದ ‘ಕ’ ಅಮೆರಿಕದಲ್ಲಿರುವ ಮಗಳ ಫೋನಿನಲ್ಲೂ ‘ಕ’ ಆಗಿಯೇ ಕಾಣುವುದು ಈ ಸಂಖ್ಯೆಯಿಂದ. ಯೂನಿಕೋಡ್ ಇದ್ದುದರಿಂದಲೇ 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಗಿ, ಸಂಬಳವಿಲ್ಲದ ಬರಹಗಾರರ ಕೈಯಲ್ಲಿ ಇಂದು 30 ಸಾವಿರಕ್ಕೂ ಹೆಚ್ಚು ಲೇಖನಗಳಾಗಿ ಬೆಳೆದಿದೆ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಬೆಲೆ ಇಳಿದ ಮೇಲೆ ಹಳ್ಳಿಯ ಫೋನಿಗೂ ಇದೆಲ್ಲ ತಲುಪಿತು.

ಇದರ ಬೆಲೆ ತಿಳಿಯಬೇಕಾದರೆ ಡಂಗುರವನ್ನು ನೆನಪಿಸಿಕೊಳ್ಳಿ. ಮೊದಲು ಊರಿಗೊಂದು ಸುದ್ದಿ ತಿಳಿಸಬೇಕಾದರೆ ತಮಟೆ ಬಡಿದು ಸಾರಿಸುತ್ತಿದ್ದರು. ಸಾರುವ ಕೆಲಸವನ್ನು ಕೆಲವೇ ಮನೆಗಳವರ ಮೇಲೆ ಹೇರಲಾಗಿತ್ತು. ಇಡೀ ಊರಿಗೆ ಕೇಳುವಂತೆ ಕೂಗುತ್ತಿದ್ದ ಆ ಮನುಷ್ಯ ತನ್ನ ಮನೆಯ ಕಷ್ಟವನ್ನು ಮಾತ್ರ ಹಾಗೆ ಕೂಗುವಂತಿರಲಿಲ್ಲ. ತನ್ನ ಕೇರಿಗೆ ನೀರು ಬಂದಿಲ್ಲ ಎಂದು ತಮಟೆ ಬಡಿಯುವಂತಿರಲಿಲ್ಲ. ಇಂದು ಅವನ ಮೊಮ್ಮಗಳು ಒಣಗಿದ ನಲ್ಲಿಯ ಫೋಟೊ ತೆಗೆದು ಎರಡು ಸಾಲು ಬರೆದು ಪಂಚಾಯಿತಿಯ ಗುಂಪಿಗೆ ಹಾಕುತ್ತಾಳೆ. ಅಕ್ಷರ ಬಾರದ ಅಜ್ಜಿ ಮೈಕಿನ ಗುರುತು ಒತ್ತಿ ಮಾತನ್ನೇ ಕಳಿಸುತ್ತಾಳೆ. ಬರೆದದ್ದರಲ್ಲಿ ಅಲ್ಪಪ್ರಾಣ ಮಹಾಪ್ರಾಣ ತಪ್ಪಿರಬಹುದು. ನಮ್ಮಂಥ ಪತ್ರಿಕೆಯವರು ಅದನ್ನು ನೋಡಿ ಮೂಗು ಮುರಿಯುವುದೂ ಉಂಟು. ಆದರೆ ಇಷ್ಟು ಜನ ಕನ್ನಡಿಗರು ಪ್ರತಿದಿನ ಬರೆಯುತ್ತಿದ್ದ ಕಾಲ ಹಿಂದೆಂದೂ ಇರಲಿಲ್ಲ. ಇದನ್ನು ಲಾಭದ ಪಟ್ಟಿಯಲ್ಲಿ ಮೊದಲು ಬರೆದುಕೊಳ್ಳೋಣ.

ಕಾಯುವ ಹೊತ್ತು ಹೋಯಿತು

ನಷ್ಟದ ಪಟ್ಟಿಗೆ ಬರೋಣ. ಪತ್ರ ಬರೆಯುವ ಕಾಲದಲ್ಲಿ, ಬರೆದದ್ದಕ್ಕೂ ಕಳಿಸುವುದಕ್ಕೂ ನಡುವೆ ಒಂದಿಷ್ಟು ಹೊತ್ತು ಇರುತ್ತಿತ್ತು. ಸಿಟ್ಟಿನಲ್ಲಿ ಬರೆದ ಪತ್ರವನ್ನು ಬೆಳಿಗ್ಗೆ ಎದ್ದು ಓದಿ ಹರಿದು ಹಾಕಿದವರು ಇಲ್ಲಿ ಎಷ್ಟು ಜನರಿಲ್ಲ? ಅಂಚೆ ಡಬ್ಬಿಯವರೆಗೆ ನಡೆಯುವ ದಾರಿಯಲ್ಲೇ ಮನಸ್ಸು ತಣ್ಣಗಾಗುತ್ತಿತ್ತು. ಪತ್ರಿಕೆಯಲ್ಲೂ ಹಾಗೆಯೇ. ವರದಿಗಾರ ಬರೆದದ್ದನ್ನು ಉಪಸಂಪಾದಕರು ನೋಡಬೇಕು, ಪುಟ ಕಟ್ಟಬೇಕು, ಅಚ್ಚಾಗಬೇಕು. ಆ ವಿಳಂಬವನ್ನು ನಾವು ಅಡ್ಡಿ ಎಂದುಕೊಂಡಿದ್ದೆವು. ನಮಗೆ ಅರಿವಿಲ್ಲದೆ ನಮ್ಮ ಯೋಚನೆ ಮಾಗುತ್ತಿದ್ದದ್ದು ಅದರಲ್ಲೇ. ಇಂಟರ್ನೆಟ್ ಆ ಹೊತ್ತನ್ನು ತೆಗೆದುಹಾಕಿತು. ಓದುವುದು, ನಂಬುವುದು, ಕಳಿಸುವುದು ಈ ಮೂರೂ ಈಗ ಒಂದೇ ಬೆರಳಿನ ಕೆಲಸ.

ಆ ಮಳೆಯ ರಾತ್ರಿಯ ಕಥೆಯ ಉಳಿದ ಭಾಗವನ್ನು ನಾನು ಇನ್ನೂ ಹೇಳಿಲ್ಲ. ಸುದ್ದಿ ಬರೆಯಲು ಕೂರುವ ಮೊದಲೇ ನಾನು ಆ ವಿಡಿಯೊವನ್ನು ನಮ್ಮ ನೆಂಟರ ಗುಂಪಿಗೆ ಕಳಿಸಿಬಿಟ್ಟಿದ್ದೆ. ನನ್ನ ಚಿಕ್ಕಮ್ಮನ ತವರುಮನೆ ಇರುವುದು ಅದೇ ಕೆರೆಯ ಕೆಳಗಿನ ಹಳ್ಳಿಯಲ್ಲಿ. ಹುಷಾರಾಗಿರಲಿ ಎಂಬ ಕಾಳಜಿಯಿಂದಲೇ ಕಳಿಸಿದ್ದು. ಪತ್ರಿಕೆಯಲ್ಲಿರುವ ಹುಡುಗ ಕಳಿಸಿದ್ದಾನೆ ಎಂದಮೇಲೆ ಯಾರೂ ಅನುಮಾನಿಸಲಿಲ್ಲ. ಚಿಕ್ಕಮ್ಮನ ತಾಯಿಗೆ ಆಗಲೇ ಎಂಬತ್ತು ದಾಟಿತ್ತು. ಆ ಕತ್ತಲಲ್ಲಿ, ಮಳೆಯಲ್ಲಿ, ದಿಣ್ಣೆಯ ಮೇಲಿನ ಶಾಲೆಯ ಕಡೆಗೆ ನಡೆಯುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಕಚೇರಿಯಲ್ಲಿ ಸುಳ್ಳು ಸುದ್ದಿ ತಪ್ಪಿತೆಂದು ನಾವು ನಿಟ್ಟುಸಿರು ಬಿಡುತ್ತಿದ್ದ ಹೊತ್ತಿಗೆ ಅಜ್ಜಿಯನ್ನು ಆಸ್ಪತ್ರೆಗೆ ಸಾಗಿಸುತ್ತಿದ್ದರು.

ವಾರದ ನಂತರ ನೋಡಲು ಹೋದೆ. ಅಜ್ಜಿ ಕೇಳಿದ್ದು ಒಂದೇ ಮಾತು: “ಅದ್ನ ಮೊದ್ಲು ಕಳ್ಸಿದ್ದು ಯಾರಂತಪ್ಪಾ?” ಮೊದಲು ಕಳಿಸಿದವರು ಯಾರೋ ನನಗೆ ಗೊತ್ತಿರಲಿಲ್ಲ. “ನಿಮ್ಮ ಮನೆಗೆ ಕಳಿಸಿದ್ದು ನಾನೇ ಅಜ್ಜಿ” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಕಾಫಿ ಕುಡ್ಕಂಡು ಹೋಗು” ಎಂದರು. ಇಂದಿಗೂ ಅವರು ಕೋಲಿಲ್ಲದೆ ನಡೆಯಲಾರರು. ಪತ್ರಿಕೆಗೆ ಬರೆಯುವಾಗ ನನ್ನನ್ನು ತಡೆದು ಕೇಳುವವರೊಬ್ಬರು ಇದ್ದರು. ಫೋನಿನಲ್ಲಿ ಕಳಿಸುವಾಗ ಯಾರೂ ಇರಲಿಲ್ಲ. ಅಲ್ಲಿ ಆ ಕೆಲಸ ನನ್ನದೇ ಆಗಿತ್ತು.

ನನ್ನದು ಒಂದು ಮನೆಯ ಕಥೆ. ಇದೇ ರೀತಿ ರಾಜ್ಯವನ್ನೇ ಅಲುಗಿಸಿದ ಘಟನೆಗಳಿವೆ. 2012ರ ಆಗಸ್ಟಿನಲ್ಲಿ ಮೊಬೈಲ್ ಸಂದೇಶಗಳ ಮೂಲಕ ಹಬ್ಬಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಸಾಮೂಹಿಕ ಸಂದೇಶಗಳಿಗೆ ಕೇಂದ್ರ ಸರ್ಕಾರ ಕೆಲವು ದಿನ ಮಿತಿ ಹೇರಬೇಕಾಯಿತು. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿತು. ಆಗ ಹರಿದಾಡಿದ ವಿಡಿಯೊಗಳಲ್ಲಿ ಒಂದು, ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಕರಾಚಿಯಲ್ಲಿ ತಯಾರಾಗಿದ್ದ ಚಿತ್ರದ ತುಣುಕು. ಕೊನೆಯಲ್ಲಿದ್ದ ಜಾಗೃತಿಯ ಭಾಗವನ್ನು ಯಾರೋ ಕತ್ತರಿಸಿ ಹರಿಬಿಟ್ಟಿದ್ದರು. ಅದೇ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಆ ತಿಂಗಳೇ ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವಂತೆ ಮಿತಿ ತಂದಿತು. ಬೇರೆಯವರಿಂದ ಬಂದ ಸಂದೇಶಕ್ಕೆ ‘ಫಾರ್ವರ್ಡೆಡ್’ ಎಂಬ ಗುರುತನ್ನೂ ಹಾಕಿತು. ಅದು ಬೇರೆಯವರದು ಎಂದು ಆ ಗುರುತು ಹೇಳುತ್ತದೆ, ಯಾರದು ಎಂದು ಹೇಳುವುದಿಲ್ಲ.

ಹುಡುಕುವ ಯಂತ್ರಗಳ ಕಥೆಯೂ ಇದೇ. 2021ರ ಜೂನ್‌ನಲ್ಲಿ ಗೂಗಲಿಗೆ ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂದು ಕೇಳಿದರೆ ಕನ್ನಡ ಎಂಬ ಉತ್ತರ ಬರುತ್ತಿತ್ತು. ನಾಡೆಲ್ಲ ಸಿಟ್ಟಿಗೆದ್ದಿತು, ಕಂಪನಿ ಕ್ಷಮೆ ಕೇಳಿತು. ಆ ಉತ್ತರ ಗೂಗಲ್‌ನ ಅಭಿಪ್ರಾಯವಾಗಿರಲಿಲ್ಲ. ಎಲ್ಲೋ ಇದ್ದ ಬರಹವೊಂದನ್ನು ಯಂತ್ರ ಎತ್ತಿ ಉತ್ತರದ ಜಾಗದಲ್ಲಿ ಕೂರಿಸಿತ್ತು. ಈಗ ಅದನ್ನೂ ದಾಟಿ ಬಂದಿದ್ದೇವೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರವೇ ಅರ್ಜಿ, ಪ್ರಬಂಧ, ಭಾಷಣ ಬರೆದು ಕೊಡುತ್ತಿದೆ, ಕನ್ನಡದಲ್ಲೂ. ಅರ್ಜಿ ಬರೆಯಲು ಬಾರದವರಿಗೆ ಅದು ದೊಡ್ಡ ಸಹಾಯ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಬರೆದವನೇ ಇಲ್ಲ. ಕೆಳಗೆ ಸಹಿ ಹಾಕುವ ನಾವೇ ಬರೆದವರು. ಹಾಗಾಗಿ ಸಹಿ ಹಾಕುವ ಮುನ್ನ ಓದಬೇಕಾದವರೂ ನಾವೇ.

ಸೇರುವುದು ಬೇರೆ, ನಿಲ್ಲುವುದು ಬೇರೆ

ಮೂರನೆಯ ಮಾತು ಸಂಘಟನೆಯದು. 1982ರ ಗೋಕಾಕ್ ಚಳವಳಿಯನ್ನು ಕಂಡವರು ಇಲ್ಲಿದ್ದೀರಿ. ಆಗ ಮೊಬೈಲ್ ಇರಲಿಲ್ಲ, ಫೋನು ಇದ್ದ ಮನೆಯೇ ಅಪರೂಪ. ಧಾರವಾಡದಲ್ಲಿ ಹೊತ್ತಿದ ಕಿಡಿ, ಡಾ. ರಾಜ್‌ಕುಮಾರ್ ಬೀದಿಗಿಳಿದ ಮೇಲೆ ನಾಡಿನ ಮೂಲೆ ಮೂಲೆಗೂ ಹಬ್ಬಿತು. ಪತ್ರಿಕೆ, ಕರಪತ್ರ, ಸಭೆ, ಮೆರವಣಿಗೆ ಇಷ್ಟೇ ಅದರ ಸಾಧನ. ಒಂದು ಊರಿನಲ್ಲಿ ಸಭೆ ಸೇರಿಸಬೇಕಾದರೆ ಯಾರೋ ಒಬ್ಬರು ಆ ಊರಿಗೆ ಬಸ್ಸಿನಲ್ಲಿ ಹೋಗಬೇಕು, ಯಾರದೋ ಮನೆಯಲ್ಲಿ ಉಣ್ಣಬೇಕು, ಮಾತನಾಡಿ ಒಪ್ಪಿಸಬೇಕು. ಸಭೆ ಮುಗಿದ ಮೇಲೂ ಆ ಪರಿಚಯ ಉಳಿಯುತ್ತಿತ್ತು.

ಇದಕ್ಕೆ ಎದುರಾಗಿ 2016ನ್ನು ನೋಡಿ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೊಮೀಟರ್ ಉದ್ದದ ಉಕ್ಕಿನ ಸೇತುವೆ ಕಟ್ಟಲು ಸರ್ಕಾರ ಹೊರಟಿತು. ನೂರಾರು ಮರಗಳು ಉರುಳುವುದಿತ್ತು. ‘ಉಕ್ಕಿನ ಸೇತುವೆ ಬೇಡ’ ಎಂಬ ಮಾತು ಫೋನಿನಿಂದ ಫೋನಿಗೆ ಹಬ್ಬಿ ಅಕ್ಟೋಬರ್ 16ರಂದು ಸಾವಿರಾರು ಜನ ಆ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಮಾನವ ಸರಪಳಿಗೂ ಆ ತೀರ್ಮಾನಕ್ಕೂ ನಡುವೆ ನಾಲ್ಕೂವರೆ ತಿಂಗಳಿತ್ತು. ಆ ಅವಧಿಯಲ್ಲಿ ದಾಖಲೆ ತೆಗೆಸಿದವರು, ಹಸಿರು ನ್ಯಾಯಮಂಡಳಿಯ ಬಾಗಿಲಿಗೆ ಅಲೆದವರು, ಸಭೆ ಮೇಲೆ ಸಭೆ ನಡೆಸಿದವರು ಇದ್ದರು. ಜನರನ್ನು ಒಂದು ಬೆಳಿಗ್ಗೆ ರಸ್ತೆಗೆ ಕರೆದದ್ದು ಫೋನು. ಅರ್ಜಿಗಳ ಕೆಳಗೆ ಹೆಸರು ಹಾಕಿ ಕೊನೆಯವರೆಗೂ ನಿಂತದ್ದು ಮನುಷ್ಯರು.

ಅದೇ ವರ್ಷದ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ಹಿಂತೆಗೆಯುವ ನಿಯಮ ಬದಲಾದದ್ದನ್ನು ವಿರೋಧಿಸಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಒಂದೇ ಸಾಲಿನ ಹೊಲಿಗೆ ಯಂತ್ರಗಳ ಮುಂದೆ ದಿನವೂ ಕೂತು, ಒಂದೇ ವಠಾರದಲ್ಲಿ ಬಾಳಿದವರು ಅವರು. ಫೋನು ಇದ್ದರೂ ಇಲ್ಲದಿದ್ದರೂ ಆ ನಂಬಿಕೆ ಮೊದಲೇ ಇತ್ತು. ಇಂಟರ್ನೆಟ್ ಜನರನ್ನು ಸೇರಿಸುತ್ತದೆ, ಅದೂ ಬೇಗ. ನಂಬಿಕೆಯನ್ನು ಮಾತ್ರ ಅದು ತಯಾರಿಸಿ ಕೊಡಲಾರದು. ಗುಂಪಿನಲ್ಲಿ 250 ಜನರಿದ್ದರೂ, ಕೆರೆಯ ಹೂಳೆತ್ತುವ ಭಾನುವಾರ ಗುದ್ದಲಿ ಹಿಡಿದು ಬರುವವರು ಹನ್ನೆರಡು ಜನ ಎಂಬುದು ನಿಮ್ಮ ಅನುಭವವೂ ಇರಬಹುದು.

ಹೆಸರು ಹೇಳಲಾಗದವರು

ಸಭೆ ಶುರುವಾಗುವ ಮೊದಲು ಇಲ್ಲಿನ ಕಾಲೇಜು ವಿದ್ಯಾರ್ಥಿನಿಯೊಬ್ಬರು ನನ್ನನ್ನು ಕೇಳಿದರು: “ಸಾರ್, ಹೆಸರು ಹಾಕಿ ಬರೆದರೆ ನಮ್ಮಂಥವರನ್ನು ಬದುಕಲು ಬಿಡುತ್ತಾರಾ?” ಸರಿಯಾದ ಪ್ರಶ್ನೆ. ಬಸ್ಸಿನಲ್ಲಿ ತೊಂದರೆ ಕೊಡುವವರ ಬಗ್ಗೆ, ಕೇರಿಗೆ ಆಗುವ ಅವಮಾನದ ಬಗ್ಗೆ, ಪ್ರಭಾವಿಗಳ ಅಕ್ರಮದ ಬಗ್ಗೆ ಹೆಸರು ಹೇಳದೆ ಬರೆಯಲು ಸಾಧ್ಯವಾದದ್ದು ಇಂಟರ್ನೆಟ್‌ನ ದೊಡ್ಡ ಉಪಕಾರ. ಸಹಿ ಎಲ್ಲಿ ಎಂದು ಗದರಿಸಿ ಅಂಥವರ ಬಾಯಿ ಮುಚ್ಚಿಸುವುದಾದರೆ ನನ್ನ ಮಾತನ್ನೆಲ್ಲ ನಾನು ಹಿಂತೆಗೆದುಕೊಳ್ಳುತ್ತೇನೆ.

ಪತ್ರಿಕೆಗಳಲ್ಲಿ ಇದಕ್ಕೊಂದು ಹಳೆಯ ದಾರಿಯಿದೆ. ವಾಚಕರ ವಾಣಿಗೆ ಬರುವ ಪತ್ರದಲ್ಲಿ, ಹೆಸರು ಪ್ರಕಟಿಸಬೇಡಿ ಎಂಬ ಕೋರಿಕೆ ಇರುವುದುಂಟು. ಓದುಗರಿಗೆ ಹೆಸರು ಗೊತ್ತಾಗುವುದಿಲ್ಲ, ಸಂಪಾದಕರಿಗೆ ಗೊತ್ತಿರುತ್ತದೆ. ಕಷ್ಟ ಬಂದರೆ ಉತ್ತರ ಹೇಳುವ ಹೊಣೆಯನ್ನು ಅವರು ಹೊರುತ್ತಾರೆ. ಹೆಸರು ಮುಚ್ಚಿಡುವುದು ಬೇರೆ, ಹೊಣೆ ಹೊರುವವರೇ ಇಲ್ಲದಿರುವುದು ಬೇರೆ. ತನಗಾದ ನೋವನ್ನು ಹೆಸರಿಲ್ಲದೆ ಹೇಳುವ ಹುಡುಗಿಗೂ, ಬೇರೆಯವರ ಮೇಲೆ ಹೆಸರಿಲ್ಲದೆ ಕಲ್ಲೆಸೆಯುವವನಿಗೂ ಇರುವ ಅಂತರವನ್ನು ನಾವು ಮರೆಯಬಾರದು. ಅವಳ ಮಾತನ್ನು ನಂಬಿಕೆಯವರೊಬ್ಬರು ಕೇಳಿ, ವಿಚಾರಿಸಿ, ಇದು ನನಗೆ ಗೊತ್ತು ಎಂದು ಮುಂದೆ ನಿಲ್ಲಬೇಕು. ಅದು ಶಿಕ್ಷಕಿಯಾಗಿರಬಹುದು, ಗ್ರಂಥಾಲಯದ ಮೇಲ್ವಿಚಾರಕರಾಗಿರಬಹುದು, ನಮ್ಮಂಥ ವರದಿಗಾರರೂ ಆಗಿರಬಹುದು.

ಕೊನೆಯದಾಗಿ ಒಂದು ಸಣ್ಣ ಸಲಹೆ. ನಿಮ್ಮ ಊರಿನ ಗುಂಪಿನಲ್ಲಿ ಒಂದು ಪದ್ಧತಿ ಮಾಡಿಕೊಳ್ಳಿ. ಯಾರೇ ಸುದ್ದಿ ಹಾಕಲಿ, ಅದರ ಕೆಳಗೆ ಒಂದು ಸಾಲು ಇರಲಿ. ‘ನಾನೇ ನೋಡಿದ್ದು’ ಎಂದೋ, ‘ಇಂಥವರು ಹೇಳಿದ್ದು, ಅವರನ್ನು ಕೇಳಿದೆ’ ಎಂದೋ ಬರೆಯಲಿ. ಎರಡನ್ನೂ ಬರೆಯಲಾಗದಿದ್ದರೆ, ಅದನ್ನು ಕಳಿಸುವ ಮೊದಲು ಒಂದು ಲೋಟ ನೀರು ಕುಡಿದು ಬನ್ನಿ. ಅಪಾಯದ ಸುದ್ದಿಯಾದರೆ ಹತ್ತಿರದವರಿಗೆ ಫೋನು ಮಾಡಿ ಕೇಳಿ. ಏರಿಯವರೆಗೆ ನಡೆದು ಹೋಗಿ ನೋಡಿ ಬರುವವರು ಪ್ರತಿ ಊರಿನಲ್ಲೂ ಒಬ್ಬರಾದರೂ ಇದ್ದೇ ಇರುತ್ತಾರೆ.

ನಾನಂತೂ ಆ ರಾತ್ರಿಯ ನಂತರ ಆ ಸಾಲನ್ನು ಬರೆಯದೆ ಯಾವುದನ್ನೂ ಮುಂದಕ್ಕೆ ಕಳಿಸಿಲ್ಲ. ನಿಧಾನವಾಗುತ್ತದೆ. ನೆಂಟರ ಗುಂಪಿನಲ್ಲಿ, ಪೇಪರಿನವನಾಗಿ ಸುದ್ದಿ ಎಲ್ಲರಿಗಿಂತ ಕೊನೆಗೆ ಕೊಡುತ್ತೀಯ ಎಂದು ತಮಾಷೆ ಮಾಡುತ್ತಾರೆ. ಮಾಡಲಿ. ಬ್ರಹ್ಮಗಿರಿಯ ಬಂಡೆಯ ಮೇಲೆ ಚಪಡ ತನ್ನ ಹೆಸರನ್ನು ಕೆತ್ತುವಾಗಲೂ ಸ್ವಲ್ಪ ತಡವಾಗಿಯೇ ಇರುತ್ತದೆ.